ಒಡೆಯಲು ದುಡ್ಡಿದೆ, ಹುಡುಕಲು ಇಲ್ಲ

ಬಾತ್‌ರೂಮಿನ ಗೋಡೆ ಒಡೆದು, ಪೈಪ್ ಬದಲಿಸಿ, ಹೊಸ ಟೈಲ್ಸ್ ಕೂರಿಸಿ, ಸಂದಿಗೆ ಬಿಳಿ ಸಿಮೆಂಟು ಬಳಿದು ಹೋಗುವವನಿಗೆ ನಾವು ಹತ್ತು ಹದಿನೈದು ಸಾವಿರ ಎಣಿಸಿ ಕೊಡುತ್ತೇವೆ. ಅರ್ಧ ದಿನ ಮನೆಯೆಲ್ಲ ಓಡಾಡಿ, ಒಂದೊಂದೇ ವಾಲ್ವ್ ಮುಚ್ಚಿ ತೆರೆದು, ಕಾದು ಕೂತು, ‘ಸೋರುತ್ತಿರುವುದು ಇಲ್ಲೇ, ಬೇರೆಲ್ಲೂ ಕೈ ಹಾಕಬೇಡಿ’ ಎನ್ನುವವನಿಗೆ ಏನು ಕೊಡುತ್ತೇವೆ? ಒಂದು ಲೋಟ ಕಾಫಿ. ಅವನು ಗೇಟು ದಾಟಿದ ಮೇಲೆ ‘ಏನೂ ಕೆಲಸ ಮಾಡಲೇ ಇಲ್ಲವಲ್ಲ’ ಎಂಬ ಮಾತು ಬೇರೆ. ಮನೆಯೊಳಗಿನ ಸೋರಿಕೆ ವರ್ಷಗಟ್ಟಲೆ ನಡೆಯುವುದಕ್ಕೆ ಕಳಪೆ ಪೈಪಿಗಿಂತ ನಮ್ಮ ಈ ಜಿಪುಣತನವೇ ದೊಡ್ಡ ಕಾರಣ ಎಂಬುದು ನನ್ನ ವಾದ.

ನಾನು ಪ್ಲಂಬರ್ ಅಲ್ಲ, ಸಿವಿಲ್ ಎಂಜಿನಿಯರೂ ಅಲ್ಲ. ಟೆಲಿಫೋನ್ ಇಲಾಖೆಯಲ್ಲಿ ನೆಲದಡಿಯ ಕೇಬಲ್‌ಗಳ ಫಾಲ್ಟ್ ಹುಡುಕುತ್ತಾ ನಿವೃತ್ತನಾದವನು. ಹಳೆಯ ಕೇಬಲ್‌ಗಳಿಗೆ ಮೇಲೆ ಸೀಸದ ಕವಚ, ಒಳಗೆ ಕಾಗದ ಸುತ್ತಿದ ತಂತಿಗಳು. ಒಂದು ಜಾಯಿಂಟಿಗೆ ನೀರು ಹೊಕ್ಕರೆ ಒಂದು ಬಡಾವಣೆಯ ಫೋನುಗಳೆಲ್ಲ ಮೂಕ. ಜನ ಬೇರೆ ಕಡೆಯಿಂದ ದೂರಿನ ನಂಬರ್ 198ಕ್ಕೆ ಫೋನು ಮಾಡಿ ಬೈಯುತ್ತಿದ್ದರು. ಆದರೂ ನಾವು ಹಾರೆ ಗುದ್ದಲಿ ಹಿಡಿದು ರಸ್ತೆಗೆ ಇಳಿಯುತ್ತಿರಲಿಲ್ಲ. ಮೊದಲು ಎಕ್ಸ್‌ಚೇಂಜಿನಲ್ಲಿ ಕೂತು ಮೆಗ್ಗರ್ ಹಾಕಿ ನೋಡಬೇಕು, ಬ್ರಿಡ್ಜ್ ಇಟ್ಟು ಅಳೆಯಬೇಕು, ಫಾಲ್ಟ್ ಎಷ್ಟು ಮೀಟರ್ ದೂರದಲ್ಲಿದೆ ಎಂದು ಲೆಕ್ಕ ಹಾಕಬೇಕು. ಆಮೇಲೆ ಮಜ್ದೂರರು ಗುಂಡಿ ತೋಡುತ್ತಿದ್ದರು. ಅಳೆಯುವುದೇ ಒಂದು ಕೆಲಸ, ಅದಕ್ಕೇ ಸಂಬಳ ಪಡೆಯುವ ಜನ ಇದ್ದರು. ದೊಡ್ಡ ಕೇಬಲ್‌ಗಳ ಒಳಗೆ ಒಣಗಾಳಿಯನ್ನು ಒತ್ತಡದಲ್ಲಿ ತುಂಬಿಡುವ ಪದ್ಧತಿಯೂ ಇತ್ತು. ಕವಚ ಎಲ್ಲಾದರೂ ಸೀಳಿದರೆ ಗಾಳಿ ಹೊರಗೆ ನುಗ್ಗುತ್ತದೆ, ಗೇಜಿನ ಮುಳ್ಳು ಇಳಿಯುತ್ತದೆ. ನೀರು ಒಳಗೆ ಬರುವ ಮೊದಲೇ ಸುದ್ದಿ ನಮ್ಮ ಕೈಗೆ ಬರುತ್ತಿತ್ತು.

ಅಂಥ ಕೆಲಸದಿಂದ ಬಂದವನಿಗೆ ನಮ್ಮ ಮನೆಯಲ್ಲೇ ಒಂದು ಫಾಲ್ಟ್ ಸಿಕ್ಕಿತು. ಬೆಂಗಳೂರಿನ ಗಿರಿನಗರದ ಕಡೆ 30×40ರ ಸೈಟು. ಕೆಳಗೆ ನಾವಿಬ್ಬರು, ಮೇಲೆ ಬಾಡಿಗೆಗೆ ಒಂದು ಎಳೆಯ ಜೋಡಿ. ನಡುಮನೆಯಲ್ಲಿ ಸ್ವಿಚ್‌ಬೋರ್ಡಿನ ಕೆಳಗೆ ಗೋಡೆಯ ಬಣ್ಣ ಹೊಟ್ಟೆ ಉಬ್ಬಿಸಿಕೊಂಡಿತ್ತು. ಉಗುರು ತಾಗಿಸಿದರೆ ಪುಟ್ಟಿ ಹಿಟ್ಟಿನ ಹಾಗೆ ಉದುರುತ್ತಿತ್ತು, ಅದರಡಿ ಬಿಳಿ ಉಪ್ಪು. ಪೇಂಟರ್ ಬಂದು ನೋಡಿ, ‘ಡ್ಯಾಂಪ್‌ಪ್ರೂಫ್ ಎರಡು ಕೋಟ್ ಹೊಡೆದರೆ ಸರಿಹೋಗುತ್ತೆ’ ಎಂದ. ಅದೇ ಸುಮಾರಿಗೆ, ಕರೆಂಟು ಸೋರಿದರೆ ತಾನೇ ಆಫ್ ಆಗುವ ಇಎಲ್‌ಸಿಬಿ ಆಗಾಗ ಟ್ರಿಪ್ ಆಗಲು ಶುರುವಾಯಿತು. ಎಲೆಕ್ಟ್ರೀಶಿಯನ್ ಬಂದು, ‘ವೈರಿಂಗ್ ಹಳೇದಾಯ್ತು ಸಾರ್, ಪೂರ್ತಿ ಬದಲಿಸಿಬಿಡಿ’ ಎಂದ. ಪ್ಲಂಬರ್ ಹುಡುಗ, ಗೌರಿಬಿದನೂರಿನ ಕಡೆಯವನು, ‘ಕೆಳಗಿನ ಬಾತ್‌ರೂಮ್ ಒಡೆದು ನೋಡೋಣ ಸಾರ್, ಅಲ್ಲೇ ಇರಬೇಕು’ ಎಂದ. ಮೂವರೂ ತಮಗೆ ಗೊತ್ತಿರುವ ಕೆಲಸವನ್ನೇ ಸೂಚಿಸಿದರು. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಹುಡುಕಲೂ ಇಲ್ಲ.

‘ರೀ, ಅವನು ದಿನಾ ಇದೇ ಕೆಲಸ ಮಾಡೋನು, ಒಡೀಲಿ ಬಿಡಿ’ ಎಂದಳು ನನ್ನ ಹೆಂಡತಿ. ಒಡೆದು ನೋಡೋಣ ಎಂದರೆ ನೋಡುವುದಕ್ಕಾಗಿ ಒಡೆಯುವುದು. ನಾನು ಒಪ್ಪಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಸೋರಿಕೆ ಪತ್ತೆಗೆ ಎಲ್ಲರೂ ಹೇಳಿಕೊಡುವ ಉಪಾಯ ಒಂದೇ: ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ, ಮೀಟರ್ ನೋಡಿ, ಮುಳ್ಳು ತಿರುಗುತ್ತಿದ್ದರೆ ಸೋರಿಕೆ ಇದೆ. ದಿನದ 24 ಗಂಟೆಯೂ ಕೊಳಾಯಿಯಲ್ಲಿ ನೀರು ಇರುವ ಊರಿಗೆ ಇದು ಸರಿ. 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ ಪ್ರಾಯೋಗಿಕವಾಗಿ ನಿರಂತರ ನೀರು ಕೊಟ್ಟಾಗ ಹಳೆಯ ಪೈಪ್ ತೆಗೆದು ಹೊಸದು ಹಾಕಿದರು, ಮನೆಮನೆಗೂ ಮೀಟರ್ ಕೂರಿಸಿದರು. ಅಂಥ ಕಡೆ ನೀರು ಬೀದಿಯ ಪೈಪಿನಿಂದ ನೇರ ನಲ್ಲಿಗೆ ಬರುವ ಮನೆಯಾದರೆ ಮೀಟರೇ ಮಾತಾಡುತ್ತದೆ. ನಮ್ಮ ಬೆಂಗಳೂರಿನ ಬಹುಪಾಲು ಮನೆಗಳ ಕಥೆ ಬೇರೆ. ನೀರು ಬರುವುದು ದಿನ ಬಿಟ್ಟು ದಿನ, ಅದೂ ಒಂದಿಷ್ಟು ಗಂಟೆ. ಬಂದದ್ದು ಮೀಟರ್ ದಾಟಿ ಸಂಪಿಗೆ ಬೀಳುತ್ತದೆ. ಅಲ್ಲಿಂದ ಮೋಟರ್ ಅದನ್ನು ತಾರಸಿಯ ಟ್ಯಾಂಕಿಗೆ ಏರಿಸುತ್ತದೆ, ಟ್ಯಾಂಕಿನಿಂದ ನಲ್ಲಿಗೆ ಇಳಿಯುತ್ತದೆ. ಸಂಪಿನಿಂದಾಚೆ ಏನು ಸೋರಿದರೂ ಮೀಟರಿಗೆ ನೇರವಾಗಿ ಕಾಣಿಸುವುದಿಲ್ಲ. ನೀರು ಬಿಟ್ಟ ಮೊದಲ ನಿಮಿಷಗಳಲ್ಲಿ ಪೈಪಿನ ಗಾಳಿಯೇ ಮೀಟರ್ ತಿರುಗಿಸುವುದೂ ಉಂಟು. ಮೀಟರ್ ನಂಬಿ ಕೂತರೆ ಇಲ್ಲದ ಸೋರಿಕೆ ಕಾಣುತ್ತದೆ, ಇರುವುದು ಕಾಣುವುದಿಲ್ಲ.

ಆದ್ದರಿಂದ ನಮ್ಮ ಮನೆಗಳಲ್ಲಿ ದಾರಿಯನ್ನು ತುಂಡು ಮಾಡಿಕೊಂಡು ಹುಡುಕಬೇಕು. ಗೇಟಿನಿಂದ ಸಂಪಿನವರೆಗೆ ಒಂದು, ಸಂಪೇ ಒಂದು, ಸಂಪಿನಿಂದ ಟ್ಯಾಂಕಿಗೆ ಏರುವ ಪೈಪ್ ಒಂದು, ಟ್ಯಾಂಕಿನಿಂದ ನಲ್ಲಿಗೆ ಇಳಿಯುವುದು ಇನ್ನೊಂದು. ಕೇಬಲ್‌ನಲ್ಲೂ ನಾವು ಮಾಡುತ್ತಿದ್ದುದು ಇದನ್ನೇ. ನಡುವೆ ಕತ್ತರಿಸಿ ಎರಡೂ ಕಡೆ ನೋಡು, ಕೆಟ್ಟ ಅರ್ಧವನ್ನು ಮತ್ತೆ ಅರ್ಧ ಮಾಡು.

ಮೊದಲ ತುಂಡಿಗೆ ಮೀಟರ್ ಉಪಯೋಗಕ್ಕೆ ಬರುತ್ತದೆ. ನೀರು ಬಂದ ದಿನ ಸಂಪಿನ ಬಾಲ್ ಕಾಕ್ ಅನ್ನು ಮೇಲಕ್ಕೆತ್ತಿ ದಾರದಿಂದ ಕಟ್ಟಿದೆವು. ಸಂಪಿಗೆ ನೀರು ಬೀಳುವುದು ನಿಂತಿತು, ಮೀಟರ್ ಕೂಡ ನಿಂತಿತು. ಅಂದರೆ ಬೀದಿಯಿಂದ ಸಂಪಿನವರೆಗೆ ಪೈಪ್ ಗಟ್ಟಿ. ಸಂಪಿನದು ಅಳತೆಯ ಕೆಲಸ. ನಮ್ಮ ಸಂಪು ಆರಡಿ ಉದ್ದ, ಐದಡಿ ಅಗಲ. ಅದರಲ್ಲಿ ನೀರು ಒಂದಂಗುಲ ಇಳಿದರೆ 70 ಲೀಟರ್ ಹೋದಂತೆ. ಮೋಟರ್ ಹಾಕದೆ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಅದೇ ಕೋಲು ಅದ್ದಿ ನೋಡಿದರೆ ಹಿಂದಿನ ದಿನದ ಗುರುತಿನಲ್ಲೇ ಇತ್ತು. ಸಂಪಿನ ಸೋರಿಕೆ ಎಷ್ಟೋ ಮನೆಗಳಲ್ಲಿ ಇರುತ್ತದೆ, ನೆಲದೊಳಗೇ ಇಂಗುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಬಾಲ್ ಕಾಕ್ ಕೆಟ್ಟು ಓವರ್‌ಫ್ಲೋ ಪೈಪಿನಲ್ಲಿ ನೀರು ಸದ್ದಿಲ್ಲದೆ ಚರಂಡಿಗೆ ಹೋಗುವುದೂ ಇದೇ ಜಾತಿಯದು.

ಏರುವ ಪೈಪ್ ಸೋರುವುದು ಮೋಟರ್ ಓಡುವಾಗ ಮಾತ್ರ. ಅದನ್ನು ಹಿಡಿಯಲು ಎರಡು ಅಳತೆ ಹೋಲಿಸಿದರೆ ಸಾಕು. ಟ್ಯಾಂಕಿನ ಹೊರದಾರಿ ಮುಚ್ಚಿ ಮೋಟರ್ ಹಾಕಿ. ನಮ್ಮ 1,000 ಲೀಟರಿನ ಟ್ಯಾಂಕಿಗೆ 110 ಸೆಂ.ಮೀ. ಅಡ್ಡಳತೆ, ಒಂದು ಸೆಂಟಿಮೀಟರಿಗೆ ಒಂಬತ್ತೂವರೆ ಲೀಟರ್. ಸಂಪಿನಲ್ಲಿ ಎರಡಂಗುಲ ಇಳಿದರೆ ಟ್ಯಾಂಕಿನಲ್ಲಿ ಸುಮಾರು 15 ಸೆಂ.ಮೀ. ಏರಬೇಕು. ಏರಿತು. ವಾಸ್ತುವಿನ ಪ್ರಕಾರ ಸಂಪು ಈಶಾನ್ಯದಲ್ಲಿ, ಟ್ಯಾಂಕು ನೈರುತ್ಯದಲ್ಲಿ. ಹಾಗಾಗಿ ನಮ್ಮೂರಿನ ಮುಕ್ಕಾಲು ಮನೆಗಳಲ್ಲಿ ಈ ಪೈಪ್ ಮೂಲೆಯಿಂದ ಮೂಲೆಗೆ ಇಡೀ ಮನೆಯನ್ನು ಬಳಸಿಕೊಂಡು ಹೋಗುತ್ತದೆ. ಪೈಪಿನ ಅಂಗಡಿಯವರಿಗೆ ವಾಸ್ತುವಿನಿಂದ ಒಳ್ಳೆಯದಾಗಿರುವುದಂತೂ ನಿಜ. ಇಲ್ಲೇ ಒಂದು ಮೋಸವೂ ಇದೆ. ಏರುವ ಪೈಪಿನ ಬಾಯಿ ಟ್ಯಾಂಕಿನ ನೀರಿನೊಳಗೆ ಮುಳುಗಿದ್ದು, ಕೆಳಗೆ ಫುಟ್ ವಾಲ್ವ್ ಸರಿಯಾಗಿ ಕೂರದಿದ್ದರೆ, ಮೋಟರ್ ನಿಂತ ಮೇಲೆ ಟ್ಯಾಂಕಿನ ನೀರು ಅದೇ ದಾರಿಯಲ್ಲಿ ವಾಪಸ್ ಸಂಪಿಗೆ ಇಳಿಯುತ್ತದೆ. ಟ್ಯಾಂಕ್ ಖಾಲಿಯಾಯಿತೆಂದು ಗೋಡೆ ಒಡೆಸಿದವರಿದ್ದಾರೆ, ನೀರು ಮಾತ್ರ ಸಂಪಿನಲ್ಲಿ ಕ್ಷೇಮವಾಗಿರುತ್ತದೆ.

ಉಳಿದದ್ದು ಇಳಿಯುವ ಪೈಪು. ಇದಕ್ಕೆ ಇಡೀ ಮನೆಯ ಸಹಕಾರ ಬೇಕು. ಮೇಲಿನ ಮನೆಯ ಹುಡುಗನ ಕೆಲಸ ಅಮೆರಿಕದ ಗಡಿಯಾರದ ಪ್ರಕಾರ, ವಾರದ ದಿನ ರಾತ್ರಿ ಎರಡಕ್ಕೆ ಅವನಿಗೆ ಊಟ. ಹಾಗಾಗಿ ಭಾನುವಾರ ರಾತ್ರಿ ಗೊತ್ತುಮಾಡಿದೆವು. ‘ಅಂಕಲ್, ಟಾಯ್ಲೆಟ್ಟಿಗೂ ನೀರು ಬಿಡಬಾರದಾ?’ ಎಂದಳು ಅವನ ಹೆಂಡತಿ. ಬಕೆಟ್ ತುಂಬಿಸಿಟ್ಟುಕೊಳ್ಳಮ್ಮ ಎಂದೆ. ಅದಕ್ಕೂ ಮುಂಚೆ ಎರಡೂ ಮನೆಯ ಫ್ಲಶ್ ಟ್ಯಾಂಕಿಗೆ ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಬಿಟ್ಟು, ಫ್ಲಶ್ ಮಾಡದೆ ಅರ್ಧ ಗಂಟೆ ಕಾದು, ಕಮೋಡಿನಲ್ಲಿ ನೀಲಿ ಇಳಿದಿಲ್ಲ ಎಂದು ಖಚಿತ ಮಾಡಿಕೊಂಡಿದ್ದೆವು. ಹೆಚ್ಚಿನ ಮನೆಗಳಲ್ಲಿ ಕಳ್ಳ ಇಲ್ಲೇ ಸಿಗುತ್ತಾನೆ, ಒಂದು ರಬ್ಬರ್ ವಾಷರ್‌ನಲ್ಲಿ ಕಥೆ ಮುಗಿಯುತ್ತದೆ. ನಮ್ಮಲ್ಲಿ ಮುಗಿಯಲಿಲ್ಲ.

ರಾತ್ರಿ ಹತ್ತರಿಂದ ಬೆಳಿಗ್ಗೆ ಐದರ ಹೊತ್ತಿಗೆ ಟ್ಯಾಂಕಿನಲ್ಲಿ ಎರಡು ಸೆಂಟಿಮೀಟರ್ ಇಳಿದಿತ್ತು. 19 ಲೀಟರ್. ದಿನಕ್ಕೆ 65, ತಿಂಗಳಿಗೆ ಎರಡು ಸಾವಿರ ಲೀಟರಿನ ಹತ್ತಿರ.

ಇನ್ನು ಟ್ಯಾಂಕಿನ ಬುಡದ ಗೇಟ್ ವಾಲ್ವ್‌ಗಳ ಸರದಿ. ಹಳೆಯ ಗೇಟ್ ವಾಲ್ವ್ ಮುಚ್ಚಿದೆವೆಂದು ನಂಬಬಾರದು. ಹಿಡಿ ಎಷ್ಟು ಬಿಗಿದರೂ ಒಳಗಿನ ತಟ್ಟೆ ಪೂರ್ತಿ ಕೂರುವುದಿಲ್ಲ. ಮುಚ್ಚಿ, ಕೆಳಗಿನ ನಲ್ಲಿ ತೆರೆದು, ನೀರು ನಿಂತಿತೇ ಎಂದು ನೋಡಬೇಕು. ನಮ್ಮಲ್ಲಿ ಒಂದು ನಿಲ್ಲಲಿಲ್ಲ, ಬದಲಿಸಿದ್ದಾಯಿತು. ಆಮೇಲೆ ಒಂದೊಂದೇ ಲೈನ್ ಮುಚ್ಚುತ್ತ ಕೋಲು ಅದ್ದಿ ನೋಡಿದಾಗ, ಸೋಲಾರ್‌ಗೆ ಹೋಗುವ ತಣ್ಣೀರಿನ ವಾಲ್ವ್ ಮುಚ್ಚಿದ ಮೇಲೆ ಮಟ್ಟ ಇಳಿಯುವುದು ನಿಂತಿತು. ಸೋಲಾರ್ ಇರುವ ತಾರಸಿ ಒಣಗಿದೆ. ಹಾಗಾದರೆ ಸೋಲಾರ್‌ನಿಂದ ಕೆಳಗಿಳಿಯುವ ಬಿಸಿನೀರಿನ ಪೈಪು.

ಬಿಸಿನೀರಿನ ಸೋರಿಕೆಗೆ ಒಂದು ಅನುಕೂಲ ಇದೆ. ಅಂಗೈ ಸಾಕು. ಚಳಿಗಾಲದ ಬೆಳಿಗ್ಗೆ, ಮೇಲಿನ ಮನೆಯವರ ಸ್ನಾನ ಮುಗಿದು ಮುಕ್ಕಾಲು ಗಂಟೆ ಕಳೆದ ಮೇಲೆ ಅವರ ಬಾತ್‌ರೂಮಿಗೆ ಹೋಗಿ ಟೈಲ್ಸಿನ ಮೇಲೆ ಕೈ ಇಡುತ್ತಾ ಬಂದೆ. ಎಲ್ಲ ತಣ್ಣಗೆ. ಮಿಕ್ಸರಿನ ಎಡಕ್ಕೆ, ಮೊಣಕಾಲೆತ್ತರದಲ್ಲಿ ಒಂದು ಟೈಲ್ ಮಾತ್ರ ಬೆಚ್ಚಗಿತ್ತು. ಪ್ಲಂಬರ್ ಹುಡುಗನನ್ನು ಕರೆದು ಅವನ ಕೈಯನ್ನೂ ಇಡಿಸಿದೆ. ಅವನು ಟೈಲ್ ನೋಡಲಿಲ್ಲ, ನನ್ನ ಮುಖ ನೋಡಿದ.

ಆದರೂ ಒಡೆಯಬೇಡ ಎಂದೆ. ಪೈಪಿನೊಳಗೆ ಉಳಿದ ಬಿಸಿನೀರೂ ಟೈಲನ್ನು ಬೆಚ್ಚಗಿಡಬಹುದು. ತಾರಸಿಯ ಹತ್ತಿರ ಹೊರಗೋಡೆಯ ಮೇಲೆ ಬಿಸಿನೀರಿನ ಲೈನ್ ಎರಡು ಬಾತ್‌ರೂಮಿಗೂ ಕವಲೊಡೆಯುವ ಕಡೆ ಕತ್ತರಿಸಿ, ಒಂದೊಂದು ಕವಲಿಗೂ ಒಂದು ವಾಲ್ವ್ ಹಾಕಿಸಿದೆ. ಮನೆ ಕಟ್ಟುವಾಗಲೇ ಇರಬೇಕಾಗಿದ್ದ ವಾಲ್ವ್‌ಗಳು ಅವು. ನಲ್ಲಿಗಳ ಜಾಗಕ್ಕೆ ಡಮ್ಮಿ ಬಿಗಿದು, ಗೇಜ್ ಇರುವ ಕೈಪಂಪು ತಂದು ಜೋಡಿಸಿ, ಕೆಳಗಿನ ಕವಲಿಗೆ ನಾಲ್ಕು ಕೆ.ಜಿ. ಒತ್ತಡ ಕೊಟ್ಟೆವು. ಮುಳ್ಳು ಕದಲಲಿಲ್ಲ. ಮೇಲಿನದಕ್ಕೆ ಕೊಟ್ಟೆವು. ನೋಡನೋಡುತ್ತಿದ್ದಂತೆ ಇಳಿಯಿತು. ನೀರಿಗೆ ಹೆದರಿ ಕೇಬಲ್‌ಗೆ ಗಾಳಿ ತುಂಬುತ್ತಿದ್ದ ಕಾಲದ ಗೇಜು ಕಣ್ಮುಂದೆ ಬಂತು, ಹೇಳದಿದ್ದರೆ ಸುಳ್ಳಾದೀತು.

ಒಡೆದದ್ದು ಎರಡೇ ಟೈಲು. ಒಳಗೆ ಸಿಪಿವಿಸಿ ಪೈಪಿಗೆ ಹಾಕಿದ್ದ ಅಡಾಪ್ಟರ್, ಅದರ ಮರೆಯೂ (ತಿರುಪಿನ ಸುತ್ತು) ಪ್ಲಾಸ್ಟಿಕ್ಕೇ. ಬಿಸಿನೀರಿನ ಲೈನಿಗೆ ಹಿತ್ತಾಳೆಯ ಮರೆ ಇರುವ ಅಡಾಪ್ಟರ್ ಹಾಕಬೇಕು. ಇಲ್ಲದಿದ್ದರೆ ಬಿಸಿಗೆ ಹಿಗ್ಗಿ, ತಣ್ಣಗಾದಾಗ ಕುಗ್ಗಿ, ಲೋಹದ ಮರೆ ಬಿಗಿದ ಜಾಗದಲ್ಲಿ ಪ್ಲಾಸ್ಟಿಕ್ ಸೀಳುತ್ತದೆ. ಇಲ್ಲಿಯೂ ಉದ್ದಕ್ಕೆ ಕೂದಲೆಳೆಯಷ್ಟು ಸೀಳು. ಬಟ್ಟೆಯಲ್ಲಿ ಒರೆಸಿದರೆ ಏನೂ ಕಾಣದು. ಒಂದು ಕ್ಷಣಕ್ಕೆ ಸೀಳಿನುದ್ದಕ್ಕೂ ಸಣ್ಣ ಸಣ್ಣ ಮಣಿಗಳು ಏಳುತ್ತವೆ, ಒಂದಕ್ಕೊಂದು ಕೂಡಿ ತಳದಲ್ಲಿ ದಪ್ಪ ಹನಿಯಾಗಿ ಬೀಳುತ್ತವೆ, ಅಷ್ಟರಲ್ಲಿ ಮೇಲೆ ಮತ್ತೆ ಮಣಿಗಳ ಸಾಲು. ಹೀಗೆ ಬಿದ್ದ ನೀರು ಬಾತ್‌ರೂಮಿನ ನೆಲದಡಿಯ ಸಂಕನ್ ಸ್ಲ್ಯಾಬಿನ ಜಲ್ಲಿಯಲ್ಲಿ ಸೇರಿ, ಕಾಂಕ್ರೀಟಿನೊಳಗಿನ ವೈರಿನ ಪೈಪ್ ಹಿಡಿದು, ಕೆಳಗಿನ ನಡುಮನೆಯ ಸ್ವಿಚ್‌ಬೋರ್ಡಿನವರೆಗೆ ಬಂದಿತ್ತು. ಸೋರಿದ ಜಾಗಕ್ಕೂ ಒದ್ದೆ ಕಂಡ ಜಾಗಕ್ಕೂ ನಡುವೆ ಒಂದು ಮಹಡಿ, ಒಂದು ಕೋಣೆ. ಇಎಲ್‌ಸಿಬಿ ಏಕೆ ಟ್ರಿಪ್ ಆಗುತ್ತಿತ್ತು ಎಂಬುದೂ ತಿಳಿಯಿತು. ಪ್ರಾಣ ಉಳಿಸುವ ಆ ಪೆಟ್ಟಿಗೆ ತನ್ನ ಕೆಲಸ ಮಾಡುತ್ತಿತ್ತು, ನಾವು ಅದನ್ನು ಬೈಯುತ್ತಿದ್ದೆವು.

ಪ್ಲಂಬರ್ ಹುಡುಗ ಹೇಳಿದಂತೆ ಒಡೆದಿದ್ದರೆ ಕೆಳಗಿನ ಬಾತ್‌ರೂಮ್ ಪೂರ್ತಿ ಹೋಗುತ್ತಿತ್ತು, ಸೋರಿಕೆ ಹಾಗೇ ಇರುತ್ತಿತ್ತು. ಅದಕ್ಕೆ ಅವನನ್ನು ದೂರುವುದಿಲ್ಲ. ದುಡ್ಡು ಕೊಡುವಾಗ ‘ಹುಡುಕಿದ್ದಕ್ಕೆ ಸಾವಿರ, ಕೆಲಸಕ್ಕೆ ಬೇರೆ’ ಎಂದು ಎರಡು ಬಾರಿ ಎಣಿಸಿ ಕೊಟ್ಟೆ. ಅವನಿಗೆ ಆಶ್ಚರ್ಯ. ‘ನೋಡೋಕೆ ಯಾರೂ ಕೊಡಲ್ಲ ಸಾರ್. ಒಡೆದ್ರೆ ಎರಡು ದಿನದ ಕೆಲಸ, ಗಾರೆಯವನಿಗೂ ಕೂಲಿ. ನೋಡಿ ಹೇಳಿ ಹೋದ್ರೆ ಬಸ್ ಚಾರ್ಜೂ ಹುಟ್ಟಲ್ಲ’ ಎಂದ. ಅವನ ಮಾತಿನಲ್ಲಿ ತಪ್ಪೇನಿದೆ? ಹೊಟ್ಟೆನೋವೆಂದು ಹೋದರೆ ಡಾಕ್ಟರಿಗೆ ಫೀಸು, ಸ್ಕ್ಯಾನಿಂಗಿಗೆ ಫೀಸು, ರಕ್ತ ಪರೀಕ್ಷೆಗೆ ಫೀಸು ಕೊಟ್ಟು, ಏನೂ ಇಲ್ಲ ಎಂದರೆ ಸಂತೋಷದಿಂದ ಮನೆಗೆ ಬರುತ್ತೇವೆ. ಮನೆಯ ಗೋಡೆಗೆ ಮಾತ್ರ ಪರೀಕ್ಷೆ ಬಿಟ್ಟಿ, ಆಪರೇಷನ್ನಿಗಷ್ಟೇ ದುಡ್ಡು. ಹೀಗಿದ್ದ ಮೇಲೆ ಸುತ್ತಿಗೆ ಎತ್ತದೆ ಅವನು ಬೇರೇನು ಮಾಡಬೇಕು?

ಉಷ್ಣದ ಕ್ಯಾಮರಾ, ನೆಲಕ್ಕಿಟ್ಟು ಸದ್ದು ಕೇಳುವ ಯಂತ್ರ ತಂದು ಸೋರಿಕೆ ಹುಡುಕಿಕೊಡುವವರು ಈಗ ನಗರದಲ್ಲಿದ್ದಾರೆ, ಸಾವಿರಗಳಲ್ಲಿ ಕೇಳುತ್ತಾರೆ. ಕೇಳಲಿ, ತಪ್ಪಲ್ಲ. ಆದರೆ ಯಂತ್ರದ ಮಿತಿ ತಿಳಿದಿರಬೇಕು. ಸದ್ದು ಬರುವುದು ಒತ್ತಡವಿದ್ದಾಗ. ಇಪ್ಪತ್ತಡಿ ಎತ್ತರದ ಟ್ಯಾಂಕಿನಿಂದ ನೆಲಮಹಡಿಗೆ ಸಿಗುವ ಒತ್ತಡ ಚದರ ಸೆಂಟಿಮೀಟರಿಗೆ ಅರ್ಧ ಕೆ.ಜಿ.ಗಿಂತ ತುಸು ಹೆಚ್ಚು, ಅಷ್ಟೇ. ಅಷ್ಟರಲ್ಲಿ ಒಸರುವ ನೀರು ಸದ್ದು ಮಾಡುವುದಿಲ್ಲ. ಉಷ್ಣದ ಕ್ಯಾಮರಾ ಬಿಸಿನೀರಿನ ಪೈಪಿಗೆ ಚೆನ್ನ, ತಣ್ಣೀರಿನದಕ್ಕೆ ಅನುಮಾನ. ಕೋಲು, ಪೆನ್ಸಿಲು, ವಾಲ್ವು, ತಾಳ್ಮೆ ಇವುಗಳ ಕೆಲಸ ಮುಗಿದ ಮೇಲೆ ಯಂತ್ರ ಬಂದರೆ ಸರಿ. ಪೆನ್ಸಿಲ್ ಏಕೆಂದರೆ, ಒದ್ದೆಯ ಅಂಚಿಗೆ ಗೆರೆ ಎಳೆದು ತಾರೀಖು ಬರೆಯುವುದಕ್ಕೆ. ಮಳೆ ಬಂದಾಗ ಮಾತ್ರ ಹರಡಿದರೆ ತಾರಸಿ, ಸ್ನಾನದ ನಂತರ ಹರಡಿದರೆ ಕೊಳೆನೀರಿನ ಪೈಪು, ಮನೆಗೆ ಬೀಗ ಹಾಕಿ ಊರಿಗೆ ಹೋಗಿ ಬಂದರೂ ಹರಡಿದ್ದರೆ ನಲ್ಲಿ ನೀರಿನ ಪೈಪು. ಕೊಳೆನೀರಿನ ಅನುಮಾನವಿದ್ದರೆ ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪಿಗೆ ಬಟ್ಟೆ ತುರುಕಿ, ಬಾತ್‌ರೂಮಿನಲ್ಲಿ ಎರಡಂಗುಲ ನೀರು ನಿಲ್ಲಿಸಿ, ಒಂದು ದಿನ ಬಿಟ್ಟು ನೋಡಬಹುದು.

ದುಡ್ಡಿನ ಮಾತಿಗೆ ಬರೋಣ, ಏಕೆಂದರೆ ನನ್ನ ವಾದಕ್ಕೆ ಅಡ್ಡ ಬರುವುದೂ ಅದೇ. ನಮ್ಮ ಗೋಡೆಗೆ ಹೋಗುತ್ತಿದ್ದ ಎರಡು ಸಾವಿರ ಲೀಟರ್ ಕಾವೇರಿ ನೀರಿಗೆ ಜಲಮಂಡಳಿಯ ದರದಲ್ಲಿ ಬೆಲೆ ಎಷ್ಟು? 2014ರ ನಂತರ 2025ರ ಏಪ್ರಿಲ್‌ನಲ್ಲಿ ದರ ಏರಿದೆ. ಏರಿದ ಮೇಲೂ ನಮ್ಮಂಥ ಮನೆಗೆ ಬೀಳುವ ಹಂತದಲ್ಲಿ ಲೀಟರಿಗೆ ಒಂದೂವರೆ ಪೈಸೆಯ ಆಸುಪಾಸು. ಅಂದರೆ ತಿಂಗಳಿಗೆ ಸುಮಾರು ಮೂವತ್ತು ರೂಪಾಯಿ. ಮೂವತ್ತು ರೂಪಾಯಿಗೆ ಯಾರು ರಾತ್ರಿ ನಿದ್ದೆಗೆಡುತ್ತಾರೆ? ಬಿಲ್ಲು ನಮ್ಮನ್ನು ಎಚ್ಚರಿಸುತ್ತದೆ ಎಂದು ಕಾಯುವುದು ಹುಸಿ ನಂಬಿಕೆ. ಸೋರಿಕೆ ದೊಡ್ಡದಾಗಿ ಬಳಕೆ 25 ಸಾವಿರ ಲೀಟರ್ ದಾಟಿ ಮೇಲಿನ ಹಂತಕ್ಕೆ ಏರಿದಾಗ ಮಾತ್ರ ಅದು ಚುಚ್ಚುತ್ತದೆ, ಅಷ್ಟರಲ್ಲಿ ಗೋಡೆ ಹೋಗಿರುತ್ತದೆ. ನಿಜವಾದ ನಷ್ಟ ಬಿಲ್ಲಿನಲ್ಲಿ ಬರುವುದೇ ಇಲ್ಲ. ಒದ್ದೆಯಾದ ಸ್ಲ್ಯಾಬಿನೊಳಗೆ ಕಂಬಿ ತುಕ್ಕು ಹಿಡಿದು ಊದಿಕೊಳ್ಳುತ್ತದೆ, ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಮೇಲಿನಿಂದ ಗಾರೆಯ ಹೆಕ್ಕಳೆ ಬೀಳುವ ಹೊತ್ತಿಗೆ ಲಕ್ಷದ ಮಾತು.

ಟ್ಯಾಂಕರ್ ನಂಬಿದ ಬಡಾವಣೆಗಳಲ್ಲಿ ಲೆಕ್ಕ ಬೇರೆ. 2024ರ ಮಾರ್ಚ್‌ನ ಬರದಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ದರಕ್ಕೆ ಮಿತಿ ಹಾಕಿತು: ಐದು ಕಿ.ಮೀ. ಒಳಗೆ 12,000 ಲೀಟರಿಗೆ 1,000 ರೂಪಾಯಿ. ಮಿತಿ ಹಾಕಿದ ಮೇಲೂ ಲೀಟರಿಗೆ ಎಂಟು ಪೈಸೆಯ ಮೇಲೆ. ಅದೇ ತಿಂಗಳು ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದರು, ಹೋಟೆಲು, ಅಪಾರ್ಟ್‌ಮೆಂಟುಗಳ ನಲ್ಲಿಗೆ ಏರೇಟರ್ ಕಡ್ಡಾಯ ಎಂದರು. ಒಳ್ಳೆಯದೇ. ನಲ್ಲಿಯಿಂದ ಬೀಳುವ ನೀರಿಗೆ ಕಾವಲು ಹಾಕಿದರು, ನಲ್ಲಿ ತಲುಪದ ನೀರಿನ ಬಗ್ಗೆ ಒಂದು ಸಾಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಅಪಾರ್ಟ್‌ಮೆಂಟುಗಳಲ್ಲಂತೂ ಇಡೀ ಕಟ್ಟಡಕ್ಕೆ ಒಂದೇ ಮೀಟರ್ ಇದ್ದು, ಚದರಡಿ ಲೆಕ್ಕದಲ್ಲಿ ಹಂಚಿಕೊಳ್ಳುವ ಕಡೆ, ಒಬ್ಬರ ಮನೆಯ ಸೋರಿಕೆಗೆ ನೂರು ಮನೆ ದುಡ್ಡು ಕಟ್ಟುತ್ತದೆ. ಎಲ್ಲರದೂ ಆದ ಸೋರಿಕೆಯನ್ನು ಹುಡುಕುವವರು ಯಾರೂ ಇರುವುದಿಲ್ಲ. ಫ್ಲಾಟಿಗೊಂದು ಮೀಟರ್ ಬೇಡ ಎನ್ನುವ ಸಂಘದವರು ಇದಕ್ಕೆ ಉತ್ತರ ಕೊಡಬೇಕು.

ನಗರದ ದೊಡ್ಡ ಪೈಪುಗಳ ಕಥೆಯೂ ನಮ್ಮ ಮನೆಯ ಕಥೆಯ ಅಣ್ಣನೇ. ಕಾವೇರಿ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಯ ಪಂಪುಗಳನ್ನು ದಾಟಿ, ಸುಮಾರು 100 ಕಿ.ಮೀ. ಹರಿದು, ಸುಮಾರು 500 ಮೀಟರ್ ಮೇಲೇರಿ ನಮ್ಮ ಸಂಪಿಗೆ ಬೀಳುತ್ತದೆ. ಹೀಗೆ ಕರೆಂಟು ಸುಟ್ಟು ತಂದ ನೀರಿನಲ್ಲಿ ಲೆಕ್ಕಕ್ಕೆ ಸಿಗದ ಪಾಲು ಹತ್ತು ಹದಿನೈದು ವರ್ಷಗಳ ಹಿಂದೆ ಅರ್ಧದ ಹತ್ತಿರ ಇತ್ತು. ಅದರಲ್ಲಿ ಕಳ್ಳ ಸಂಪರ್ಕ, ಕೆಟ್ಟ ಮೀಟರುಗಳ ಪಾಲೂ ಸೇರಿದೆ, ಎಲ್ಲವೂ ಸೋರಿಕೆಯಲ್ಲ. ಆಮೇಲೆ ನಗರದ ಹಲವು ವಲಯಗಳಲ್ಲಿ ಪೈಪ್ ಜಾಲವನ್ನು ತುಂಡು ತುಂಡಾಗಿ ಬೇರ್ಪಡಿಸಿ, ತುಂಡಿಗೊಂದು ಮೀಟರ್ ಇಟ್ಟು, ಜನ ಮಲಗಿರುವ ನಡುರಾತ್ರಿಯ ಹರಿವನ್ನು ಅಳೆದು, ಸೋರುವ ತುಂಡನ್ನು ಪತ್ತೆ ಮಾಡುವ ಕೆಲಸ ನಡೆಯಿತು, ಪಾಲು ಇಳಿಯಿತು. ನಾನು ಟ್ಯಾಂಕಿಗೆ ಕೋಲು ಅದ್ದಿದ್ದಕ್ಕೂ ಇದಕ್ಕೂ ಗಾತ್ರದಲ್ಲಷ್ಟೇ ವ್ಯತ್ಯಾಸ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾದಾಗ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚುವರಿ ನೀರು ಬರುತ್ತದೆಂದು ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ಬಂತು. ಬರಲೇಬೇಕಾದ ಸುದ್ದಿ, 110 ಹಳ್ಳಿಗಳ ಜನ ಕಾದಿದ್ದ ನೀರು ಅದು. ಆದರೆ ಹುಡುಕಿ ಉಳಿಸಿದ ನೀರಿಗೆ ಶಂಕುಸ್ಥಾಪನೆ ಇಲ್ಲ, ಫಲಕವಿಲ್ಲ, ಅದನ್ನು ನಡುರಾತ್ರಿ ಹುಡುಕಿದವರ ಹೆಸರು ಎಲ್ಲೂ ಬರುವುದಿಲ್ಲ. ಬಜೆಟ್ಟು ಬರೆಯುವವರೂ ನಮ್ಮಂತೆಯೇ, ತೋಡುವುದಕ್ಕೆ ಧಾರಾಳ.

ಹಾಗಾದರೆ ಏನು ಮಾಡಬಹುದು? ಐಟಿಐಗಳಲ್ಲಿ ಒಂದು ವರ್ಷದ ಪ್ಲಂಬರ್ ಟ್ರೇಡ್ ಇದೆ. ಅಲ್ಲಿಂದ ಬರುವ ಹುಡುಗರಿಗೆ ಗೇಜ್ ಕೊಟ್ಟು ಸೋರಿಕೆ ಪತ್ತೆಯನ್ನೇ ಪ್ರತ್ಯೇಕ ಕೆಲಸವಾಗಿ ಕಲಿಸಿ, ಜಲಮಂಡಳಿಯ ಉಪವಿಭಾಗ ಕಚೇರಿಗಳಲ್ಲಿ ಅವರ ಪಟ್ಟಿ ಹಾಕಿ, ಮನೆಗೆ ಬಂದು ಪರೀಕ್ಷಿಸಲು ಇಷ್ಟು ಎಂದು ಶುಲ್ಕ ಗೊತ್ತುಮಾಡಿದರೆ ಸರಕಾರಕ್ಕೆ ದೊಡ್ಡ ಖರ್ಚಿಲ್ಲ. ಸಾಲದ ಯೋಜನೆ ಬೇಡ, ಹೊಸ ಕಾನೂನು ಬೇಡ. ಮಂಡಳಿಯಿಂದ ಇನ್ನೂ ಒಂದು ಸಣ್ಣ ಅಪೇಕ್ಷೆ: ಒಂದು ಮನೆಯ ಬಳಕೆ ಅದರ ಹಿಂದಿನ ಸರಾಸರಿಗಿಂತ ಇದ್ದಕ್ಕಿದ್ದಂತೆ ಜಿಗಿದರೆ, ಬಿಲ್ಲಿನ ತಲೆಯ ಮೇಲೆ ದಪ್ಪಕ್ಷರದಲ್ಲಿ ‘ಸೋರಿಕೆ ಇದೆಯೇ ನೋಡಿಕೊಳ್ಳಿ’ ಎಂಬ ಒಂದು ಸಾಲು. ಹಿಂದಿನ ರೀಡಿಂಗ್, ಈಗಿನ ರೀಡಿಂಗ್ ಎರಡೂ ಅವರ ಕೈಯಲ್ಲೇ ಇರುತ್ತವೆ.

ಈಗ ಮನೆ ಕಟ್ಟಿಸುತ್ತಿರುವವರಿಗೆ, ಬಾತ್‌ರೂಮ್ ಹೊಸದು ಮಾಡಿಸುತ್ತಿರುವವರಿಗೆ ಒಂದು ಕೋರಿಕೆ. ಪೈಪ್ ಕೂರಿಸಿದ ಮೇಲೆ, ಗಾರೆ ಮುಚ್ಚುವ ಮೊದಲು, ಕೈಪಂಪು ಮತ್ತು ಗೇಜು ತರಿಸಿ ಒತ್ತಡ ತುಂಬಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮುಳ್ಳು ಎಲ್ಲಿದೆ ಎಂದು ನೀವೇ ಹೋಗಿ ನೋಡಿ, ಕಂಟ್ರಾಕ್ಟರ್ ಫೋನಿನಲ್ಲಿ ‘ಎಲ್ಲಾ ಓಕೆ ಸಾರ್’ ಎಂದರೆ ಒಪ್ಪಬೇಡಿ. ಪ್ರತಿ ಗೋಡೆಯ ಮುಂದೆ ಟೇಪು ಹಿಡಿಸಿ, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಎಂದು ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆದು, ಪ್ರಿಂಟ್ ಹಾಕಿಸಿ ಮನೆಪತ್ರಗಳ ಜೊತೆ ಇಡಿ. ಒಂದೊಂದು ಬಾತ್‌ರೂಮಿಗೂ ಬಿಸಿಗೊಂದು ತಣ್ಣಗೊಂದು ಬೇರೆ ವಾಲ್ವ್ ಹಾಕಿಸಿ, ಕೈಗೆ ಸಿಗುವ ಜಾಗದಲ್ಲಿ. ಬಿಸಿನೀರಿನ ಲೈನಿಗೆ ಹಿತ್ತಾಳೆ ಮರೆಯ ಅಡಾಪ್ಟರೇ ಬೇಕೆಂದು ಅಂಗಡಿಯಲ್ಲಿ ನಿಂತು ಕೇಳಿ ತನ್ನಿ. ಟೈಲ್ಸ್ ಆರಿಸುವುದಕ್ಕೆ ಕೊಡುವ ಸಮಯದಲ್ಲಿ ಕಾಲುಭಾಗ ಇದಕ್ಕೆ ಸಾಕು.